ಕೆರೆಯ ಮೇಲೆ ಹಸಿರು ಕೆನೆ: ಊರಿಗೆ ಎಚ್ಚರಿಕೆ ಹೇಳುವುದು ಹೇಗೆ?

ನೀರಿನ ಬಗ್ಗೆ ಏನೇ ಅನುಮಾನ ಬಂದರೂ ಪಂಚಾಯಿತಿಯಿಂದ ಹೊರಡುವ ಮೊದಲ ಮಾತು ‘ಕುದಿಸಿ, ಆರಿಸಿ ಕುಡಿಯಿರಿ’. ಕೆರೆಯ ಮೇಲೆ ಕಟ್ಟುವ ವಿಷಕಾರಿ ಹಸಿರು ಕೆನೆಯ ವಿಚಾರದಲ್ಲಿ ಈ ಮಾತೇ ಅಪಾಯ. ಕೊಳಚೆ ನೀರು, ಹೊಲದ ಗೊಬ್ಬರ ಹರಿದು ಬಂದ ಕೆರೆಗಳಲ್ಲಿ ಸಯನೊಬ್ಯಾಕ್ಟೀರಿಯಾ, ಅಂದರೆ ನೀಲಿ-ಹಸಿರು ಪಾಚಿ, ವಿಪರೀತ ಬೆಳೆದಾಗ ಈ ಕೆನೆ ಕಾಣಿಸುತ್ತದೆ. ಅದರಲ್ಲಿ ಹೆಚ್ಚಾಗಿ ಸಿಗುವ ವಿಷ ಮೈಕ್ರೊಸಿಸ್ಟಿನ್. ಅದು ಕುದಿತಕ್ಕೆ ನಾಶವಾಗುವುದಿಲ್ಲ. ಕುದಿಸಿದರೆ ಪಾಚಿಯ ಕೋಶಗಳು ಒಡೆದು ಒಳಗಿನ ವಿಷ ನೀರಿಗೆ ಸೇರುತ್ತದೆ, ನೀರು ಆವಿಯಾಗಿ ಕಡಿಮೆಯಾದಷ್ಟೂ ಅದರ ಸಾಂದ್ರತೆ ಏರುತ್ತದೆ.

2014ರ ಆಗಸ್ಟ್ 2ರ ನಸುಕಿನಲ್ಲಿ ಅಮೆರಿಕದ ಟೊಲಿಡೊ ನಗರಾಡಳಿತ ಹೊರಡಿಸಿದ ಎಚ್ಚರಿಕೆಯಲ್ಲಿ ‘ಕುಡಿಯಬೇಡಿ’ ಎಂಬುದರ ಜೊತೆಗೇ ‘ಕುದಿಸಬೇಡಿ’ ಎಂದೂ ಇತ್ತು. ಈರಿ ಸರೋವರದ ನೀರನ್ನೇ ನಂಬಿದ್ದ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಆಗಸ್ಟ್ 4ರವರೆಗೆ ನಲ್ಲಿ ನೀರು ಕುಡಿಯುವಂತಿರಲಿಲ್ಲ. ನಮ್ಮ ಊರಿನ ಸೂಚನೆಯಲ್ಲೂ ಈ ಎರಡು ಮಾತು ಒಟ್ಟಿಗೇ ಇರಬೇಕು.

ಮೊದಲು ಗುರುತಿಸಿ

ಕೆರೆ ಹಸಿರಾದಾಗಲೆಲ್ಲ ಹೆದರಿಸಿದರೆ ಮುಂದಿನ ಸಲ ಯಾರೂ ಕೇಳುವುದಿಲ್ಲ. ರಬ್ಬರ್ ಕೈಗವಸು ಹಾಕಿಕೊಂಡು ಒಂದು ಕೋಲನ್ನು ಕೆನೆಯೊಳಗೆ ಅದ್ದಿ ಎತ್ತಿ. ಕೂದಲಿನಂಥ ಎಳೆಗಳು ಜೋತುಬಿದ್ದರೆ ಅದು ಸಾಮಾನ್ಯ ಎಳೆಪಾಚಿ. ಬಣ್ಣದ ಡಬ್ಬಿಯಲ್ಲಿ ಅದ್ದಿ ತೆಗೆದಂತೆ ಕೋಲಿಗೆ ಹಸಿರು ಮೆತ್ತಿಕೊಂಡರೆ ಅನುಮಾನಿಸಿ. ಇನ್ನೊಂದು ಪರೀಕ್ಷೆಗೆ, ಗಾಜಿನ ಜಾಡಿಯಲ್ಲಿ ಮುಕ್ಕಾಲು ಭಾಗ ಕೆರೆ ನೀರು ತುಂಬಿ, ಮುಚ್ಚಳ ಹಾಕಿ, ಒಂದು ರಾತ್ರಿ ಫ್ರಿಜ್‌ನಲ್ಲಿ ಅಲುಗಾಡದಂತೆ ಇಡಿ. ಬೆಳಿಗ್ಗೆ ಹಸಿರು ಮೇಲೆ ತೇಲಿ ಕಟ್ಟಿಕೊಂಡಿದ್ದರೆ ನೀಲಿ-ಹಸಿರು ಪಾಚಿ ಇರುವ ಸಂಭವ ಹೆಚ್ಚು; ತಳಕ್ಕೆ ಕೂತಿದ್ದರೆ ಕಡಿಮೆ. ಇವೆರಡೂ ಪಾಚಿಯ ಜಾತಿಯ ಸುಳಿವು ಕೊಡುತ್ತವೆಯೇ ಹೊರತು ವಿಷ ಇದೆಯೋ ಇಲ್ಲವೋ ಎಂಬುದನ್ನಲ್ಲ.

ವಿಷದ ಪತ್ತೆಗೆ ಪ್ರಯೋಗಾಲಯವೇ ಆಗಬೇಕು. ಗಾಳಿ ಕೆನೆಯನ್ನು ಒಂದೇ ದಡಕ್ಕೆ ತಳ್ಳಿರುತ್ತದೆ. ದೋಣಿಯಲ್ಲಿ ನಡುಗೆರೆಗೆ ಹೋಗಿ ತಂದ ನೀರು ಸುಳ್ಳು ಸಮಾಧಾನ ಕೊಡುತ್ತದೆ. ಜನ ಇಳಿಯುವ ಮೆಟ್ಟಿಲು, ದನ ಇಳಿಯುವ ಜಾಗ, ಕುಡಿಯುವ ನೀರು ಎತ್ತುವ ಕಡೆ, ಹೀಗೆ ಮೂರು ಕಡೆಯ ಮಾದರಿ ತೆಗೆಯಿರಿ. ಕಂದು ಗಾಜಿನ ಬಾಟಲಿಯಲ್ಲಿ ತುಂಬಿ, ಐಸ್ ಪೆಟ್ಟಿಗೆಯಲ್ಲಿಟ್ಟು, 24 ಗಂಟೆಯೊಳಗೆ ತಲುಪಿಸಿ. ‘ಮೈಕ್ರೊಸಿಸ್ಟಿನ್ ಪರೀಕ್ಷೆ ಮಾಡುತ್ತೀರಾ?’ ಎಂದು ಮೊದಲೇ ಫೋನಿನಲ್ಲಿ ಕೇಳಿಕೊಳ್ಳಿ. ಗಡಸುತನ, ಫ್ಲೋರೈಡ್, ಕೋಲಿಫಾರ್ಮ್ ನೋಡುವ ಮಾಮೂಲಿ ಪರೀಕ್ಷೆಯಲ್ಲಿ ಈ ವಿಷ ಸಿಕ್ಕಿಬೀಳುವುದಿಲ್ಲ. ಆ ವರದಿ ಹಿಡಿದು ‘ನೀರು ಚೆನ್ನಾಗಿದೆ’ ಎಂದು ಸಾರಿದರೆ ಅನಾಹುತವಾದೀತು.

ವರದಿಗೆ ಕಾಯಬೇಡಿ, ಸೂಚನೆ ಹೊರಡಿಸಿ

ವರದಿ ಬರಲು ದಿನಗಳೇ ಹಿಡಿಯಬಹುದು. ಕೋಲಿಗೆ ಹಸಿರು ಮೆತ್ತಿದ ದಿನವೇ ಹೇಳಿ. ‘ಕೆರೆಯಲ್ಲಿ ಪಾಚಿ ಬೆಳೆದಿದೆ, ಸಾರ್ವಜನಿಕರು ಸಹಕರಿಸಬೇಕು’ ಎಂಬ ಒಕ್ಕಣೆಯಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಏನು ಕಾಣುತ್ತದೆ, ಏನು ಮಾಡಬಾರದು, ಬದಲಿಗೆ ಏನು ಮಾಡಬೇಕು, ಮೈಗೆ ತಾಗಿದರೆ ಏನು ಗತಿ ಎಂಬ ಕ್ರಮದಲ್ಲಿ ಬರೆಯಿರಿ. ಹೀಗೆ:

‘ಕೆರೆಯ ಮೇಲೆ ಬಣ್ಣ ಬಳಿದಂತೆ ಹಸಿರು ಕೆನೆ ಕಟ್ಟಿದೆ. ಇದರಲ್ಲಿ ವಿಷ ಇರಬಹುದು. ಕೆರೆ ನೀರು ಕುಡಿಯಬೇಡಿ. ಕುದಿಸಿದರೂ, ಸೋಸಿದರೂ ವಿಷ ಹೋಗುವುದಿಲ್ಲ. ಮಕ್ಕಳನ್ನು ಈಜಲು ಬಿಡಬೇಡಿ. ದನ, ಕುರಿ, ನಾಯಿಗಳನ್ನು ನೀರಿಗೆ ಬಿಡಬೇಡಿ. ಸತ್ತು ತೇಲಿದ ಮೀನು ತಿನ್ನಬೇಡಿ. ಕುಡಿಯುವ ನೀರಿನ ಟ್ಯಾಂಕರ್ ಶಾಲೆಯ ಹತ್ತಿರ, ದನಗಳ ನೀರು ಡೇರಿ ಪಕ್ಕದ ತೊಟ್ಟಿಯಲ್ಲಿ ಸಿಗುತ್ತದೆ. ಮೈಗೆ ತಾಗಿದ್ದರೆ ಒಳ್ಳೆಯ ನೀರಿನಲ್ಲಿ ತೊಳೆದುಕೊಳ್ಳಿ. ತುರಿಕೆ, ಕಣ್ಣುರಿ, ವಾಂತಿ, ಭೇದಿ ಆದರೆ ಆಸ್ಪತ್ರೆಗೆ ಹೋಗಿ, ಕೆರೆ ನೀರಿನ ವಿಷಯ ಹೇಳಿ.’

ಬದಲಿ ನೀರು ಎಲ್ಲಿ ಎಂಬ ಸಾಲು ಇಲ್ಲದ ಸೂಚನೆ ನಿಲ್ಲುವುದಿಲ್ಲ. ಬಾಯಾರಿದ ದನವನ್ನು ಯಾವ ರೈತನೂ ಕಟ್ಟಿಹಾಕಿಕೊಂಡು ಕೂರಲಾರ. ಆದ್ದರಿಂದ ಮೊದಲು ತೊಟ್ಟಿ ತುಂಬಿಸಿ, ಆಮೇಲೆ ಬೋರ್ಡು ಹಾಕಿ.

ದನ ಸಾಕಿದವರಿಗೆ ವಿಷಯ ಮುಟ್ಟಿಸಲು ಡೇರಿಗಿಂತ ಒಳ್ಳೆಯ ಜಾಗವಿಲ್ಲ: ಹಾಲು ಹಾಕಲು ಬೆಳಿಗ್ಗೆ, ಸಂಜೆ ಎಲ್ಲರೂ ಬರುತ್ತಾರೆ. ಕುರಿಗಾಹಿಗಳು, ಅಗಸರು, ಮೀನು ಹಿಡಿಯುವವರಿಗೆ ನೀರುಗಂಟಿಯೇ ಖುದ್ದಾಗಿ ಹೇಳಲಿ. ಮನೆಮನೆಗೆ ಆಶಾ ಕಾರ್ಯಕರ್ತೆ, ಬೀದಿಗೆ ಕಸದ ಗಾಡಿಯ ಮೈಕು. ವಾಟ್ಸಾಪ್‌ಗೆ ಹಾಕುವ ಚಿತ್ರದ ಮೇಲೆ ತಾರೀಖು ಮತ್ತು ಕೆರೆಯ ಹೆಸರು ಕಡ್ಡಾಯ. ಇಲ್ಲದಿದ್ದರೆ ಅದೇ ಚಿತ್ರ ಮುಂದಿನ ವರ್ಷ ಬೇರೆ ತಾಲ್ಲೂಕಿನಲ್ಲಿ ಗಾಬರಿ ಎಬ್ಬಿಸುತ್ತದೆ. ಬೋರ್ಡಿನಲ್ಲಿ ಅಕ್ಷರ ಎರಡು ಇಂಚಿಗೆ ಕಡಿಮೆ ಬೇಡ. ಓದಲು ಬಾರದವರಿಗಾಗಿ ಈಜುವ ಮಗು, ನೀರು ಕುಡಿಯುವ ಹಸುವಿನ ಚಿತ್ರಗಳ ಮೇಲೆ ಕೆಂಪು ಗೀಟು ಎಳೆಯಿರಿ.

ವರದಿ ಬಂದಾಗ ಬರೀ ಅಂಕಿ ಓದಿ ಹೇಳಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಮೈಕ್ರೊಸಿಸ್ಟಿನ್ ಮಿತಿ ಲೀಟರಿಗೆ, ಜೀವನಪೂರ್ತಿ ಕುಡಿಯುವ ನೀರಿನಲ್ಲಿ 1 ಮೈಕ್ರೊಗ್ರಾಂ, ಅಲ್ಪಾವಧಿಗೆ ಕುಡಿಯಲು 12, ಈಜಲು 24. ‘ನಮ್ಮ ಕೆರೆಯಲ್ಲಿ 15 ಬಂದಿದೆ: ಕೆಲವು ದಿನದ ಮಟ್ಟಿಗೂ ಕುಡಿಯುವಂತಿಲ್ಲ’ ಎಂದು ಹೇಳಿದರೆ ಅಂಕಿಗೆ ಅರ್ಥ ಬರುತ್ತದೆ.

ಕರಾವಳಿಯ ಮಾತು ಬೇರೆ. ಅಲ್ಲಿ ಸಮುದ್ರದ ಸೂಕ್ಷ್ಮ ಪಾಚಿಗಳ ಸ್ಯಾಕ್ಸಿಟಾಕ್ಸಿನ್ ಎಂಬ ವಿಷ ಮರುವಾಯಿ, ಪಚ್ಚಿಲೆಯಂಥ ಚಿಪ್ಪುಜೀವಿಗಳಲ್ಲಿ ಸೇರಿಕೊಳ್ಳುತ್ತದೆ. 1983ರಲ್ಲಿ ಮಂಗಳೂರು ಸಮೀಪದ ಕುಂಬಳೆ ಅಳಿವೆಯ ಚಿಪ್ಪಿ ತಿಂದು ಒಬ್ಬ ಬಾಲಕ ತೀರಿಕೊಂಡ. ಈ ವಿಷವೂ ಬೇಯಿಸಿದರೆ ಹೋಗದು; ರುಚಿ, ವಾಸನೆಯಲ್ಲಿ ವ್ಯತ್ಯಾಸ ತಿಳಿಯದು. ಚಿಪ್ಪಿ ತಿಂದ ಮೇಲೆ ತುಟಿ, ನಾಲಿಗೆ ಜುಮ್ಮೆಂದರೆ ಕೃತಕ ಉಸಿರಾಟದ ವ್ಯವಸ್ಥೆಯಿರುವ ಆಸ್ಪತ್ರೆಗೆ ಕೂಡಲೇ ಹೋಗಬೇಕು ಎಂಬುದನ್ನು ಮೀನು ಮಾರುಕಟ್ಟೆಯಲ್ಲೇ ಬರೆದು ಹಾಕಿ.

ಎಚ್ಚರಿಕೆ ಹಿಂಪಡೆಯುವಾಗ

ಹಸಿರು ಮಾಯವಾದ ದಿನವೇ ಬೋರ್ಡು ಕಿತ್ತುಹಾಕುವುದು ದೊಡ್ಡ ತಪ್ಪು. ಪಾಚಿ ಸತ್ತಾಗಲೇ ಕೋಶ ಒಡೆದು ವಿಷ ಹೊರಬರುತ್ತದೆ; ತಿಳಿಯಾಗಿ ಕಾಣುವ ನೀರಿನಲ್ಲಿ ಅದು ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಉಳಿಯಬಲ್ಲದು. ಪಾಚಿ ಕೊಲ್ಲಲು ಮೈಲುತುತ್ತ ಸುರಿದರೂ ಇದೇ ಆಗುತ್ತದೆ, ಅದೂ ಒಮ್ಮೆಲೇ. ಒಂದು ವಾರದ ಅಂತರದಲ್ಲಿ ತೆಗೆದ ಎರಡು ಮಾದರಿಗಳೂ ಮಿತಿಯೊಳಗೆ ಬಂದ ಮೇಲಷ್ಟೇ ಸೂಚನೆ ಹಿಂಪಡೆಯಿರಿ. ಹಿಂಪಡೆದದ್ದನ್ನೂ ಅದೇ ಡೇರಿಯಲ್ಲಿ, ಅದೇ ಮೈಕಿನಲ್ಲಿ ಸಾರಿ ಹೇಳಿ.