ಕಚೇರಿಯಾಗಿರುವ ಅರಮನೆಯನ್ನು ನೋಡುವ ಬಗೆ: ಫ್ಲಾರೆನ್ಸಿನ ಮೆಡಿಚಿ ರಿಕ್ಕಾರ್ಡಿ

ಇಟಲಿಯ ಫ್ಲಾರೆನ್ಸಿನ ಕಾವೂರ್ ಬೀದಿಯಲ್ಲಿರುವ ಪಲಾಜ್ಜೊ ಮೆಡಿಚಿ ರಿಕ್ಕಾರ್ಡಿ ಎಂಬ ಅರಮನೆಯಲ್ಲಿ 1874ರಿಂದ ಪ್ರಾಂತ್ಯದ ಆಡಳಿತ ನಡೆಯುತ್ತಿತ್ತು; ಈಗ ಅದರ ಉತ್ತರಾಧಿಕಾರಿಯಾದ ಮಹಾನಗರ ಆಡಳಿತದ ಕಚೇರಿಗಳಿವೆ. ಸಭೆ ಸಮಾರಂಭಗಳಿದ್ದಾಗ ಕೆಲವು ಕೋಣೆಗಳು ಮುಚ್ಚಿರುವುದುಂಟು. ವಸ್ತುಸಂಗ್ರಹಾಲಯಕ್ಕೆ ಸಾಮಾನ್ಯವಾಗಿ ಬುಧವಾರ ರಜೆಯಿರುವುದರಿಂದ, ಹೊರಡುವ ಮೊದಲು ಆ ದಿನದ ವೇಳಾಪಟ್ಟಿಯನ್ನು ನೋಡಿಕೊಳ್ಳಿ.

ಟಿಕೆಟ್ ಕೊಳ್ಳುವ ಮುನ್ನ ಎದುರು ಬದಿಯ ಪಾದಚಾರಿ ಮಾರ್ಗದಲ್ಲಿ ನಿಂತು ಮುಂಭಾಗವನ್ನು ನಿಧಾನವಾಗಿ ನೋಡಿ. ಬ್ಯಾಂಕ್ ವ್ಯವಹಾರದಿಂದ ಶ್ರೀಮಂತನಾದ ಕೊಸಿಮೊ ಡೆ ಮೆಡಿಚಿಗಾಗಿ ಮಿಕೆಲೊಜ್ಜೊ ಎಂಬ ವಾಸ್ತುಶಿಲ್ಪಿ 1444ರಲ್ಲಿ ಇದರ ಕೆಲಸ ಆರಂಭಿಸಿದ. ನೆಲ ಅಂತಸ್ತಿನಲ್ಲಿ ಬೆಟ್ಟದಿಂದ ಈಗಷ್ಟೇ ಕಿತ್ತು ತಂದಂತಿರುವ ಒರಟು ಕಲ್ಲುಗಳಿವೆ. ಅದರ ಮೇಲಿನ ಅಂತಸ್ತಿನಲ್ಲಿ ಕಲ್ಲು ಸಮತಟ್ಟಾಗಿ, ಸಂದುಗಳು ಮಾತ್ರ ಕಾಣುತ್ತವೆ. ಎಲ್ಲಕ್ಕಿಂತ ಮೇಲೆ ಗೋಡೆ ಪೂರ್ತಿ ನುಣುಪು. ಬುಡದುದ್ದಕ್ಕೂ ಇರುವ ಕಲ್ಲಿನ ಜಗಲಿಯ ಮೇಲೆ ಕುಳಿತುಕೊಳ್ಳಲು ಅಡ್ಡಿಯಿಲ್ಲ.

ಬಳಿಕ ಮೂಲೆಗೆ ಬನ್ನಿ. ಅಲ್ಲಿ ಮೊದಲು ಬೀದಿಗೆ ತೆರೆದ ಕಮಾನು ಮಂಟಪವಿತ್ತು. ಸುಮಾರು 1517ರಲ್ಲಿ ಅದನ್ನು ಮುಚ್ಚಿ, ಮೈಕೆಲಾಂಜೆಲೊನದೆಂದು ಹೇಳಲಾಗುವ ಕಿಟಕಿಗಳನ್ನು ಕೂರಿಸಿದರು. ಅವುಗಳ ಕೆಳಗಿನ ಉದ್ದನೆಯ ಸುರುಳಿ ಕಲ್ಲುಗಳಿಂದಾಗಿ ಅವಕ್ಕೆ ಮಂಡಿಯೂರಿದ ಕಿಟಕಿಗಳೆಂಬ ಹೆಸರು ಬಂತು. ಇನ್ನು ಮೇಲಂತಸ್ತಿನ ಕಿಟಕಿಗಳನ್ನು ಎಣಿಸಿ: ಮೆಡಿಚಿಗಳ ಕಾಲದಲ್ಲಿ 10 ಇದ್ದವು, 1659ರಲ್ಲಿ ಅರಮನೆಯನ್ನು ಕೊಂಡ ರಿಕ್ಕಾರ್ಡಿ ಮನೆತನದವರು ಅದೇ ಮಾದರಿಯಲ್ಲಿ ಮುಂಭಾಗವನ್ನು ಹಿಗ್ಗಿಸಿದ್ದರಿಂದ 17 ಆದವು. ಹೊಸ ಭಾಗ ಮೊದಲ ನೋಟಕ್ಕೆ ಹಳೆಯದರಿಂದ ಬೇರೆಯಾಗಿ ತೋರುವುದಿಲ್ಲ, ಅಷ್ಟು ವಿಧೇಯವಾದ ಅನುಕರಣೆ.

ಒಳಾಂಗಣದಲ್ಲಿ ಹಿಂದೆ ಶಿಲ್ಪಿ ದೊನಾಟೆಲ್ಲೊನ ಕಂಚಿನ ಡೇವಿಡ್ ಪ್ರತಿಮೆ ನಿಂತಿತ್ತು. 1494ರಲ್ಲಿ ಮೆಡಿಚಿಗಳು ನಗರದಿಂದ ಹೊರಬಿದ್ದ ಮೇಲೆ ಅದನ್ನು ಇಲ್ಲಿಂದ ಸಾಗಿಸಲಾಯಿತು. ಅದನ್ನು ನೋಡಲು ಬಾರ್ಜೆಲ್ಲೊ ಸಂಗ್ರಹಾಲಯಕ್ಕೇ ಹೋಗಬೇಕು.

ನಿಮ್ಮ ಸಮಯದ ಬಹುಪಾಲನ್ನು ಮೇಲಿನ ಪುಟ್ಟ ಪ್ರಾರ್ಥನಾ ಮಂದಿರಕ್ಕೆ ಮೀಸಲಿಡಿ. ಒಮ್ಮೆಗೆ ಕೆಲವರನ್ನಷ್ಟೇ ಬಿಡುವುದರಿಂದ ಬೆಳಿಗ್ಗೆ ಬೇಗ ಹೋಗುವುದು ಲೇಸು. 1459ರಲ್ಲಿ ಚಿತ್ರಕಾರ ಬೆನೊಜ್ಜೊ ಗೊಜ್ಜೊಲಿ ಇಲ್ಲಿನ ಗೋಡೆಗಳ ಮೇಲೆ, ಶಿಶು ಏಸುವನ್ನು ಕಾಣಲು ಹೊರಟ ಮೂವರು ಜ್ಞಾನಿಗಳ ಮೆರವಣಿಗೆಯನ್ನು ಚಿತ್ರಿಸಲು ತೊಡಗಿ, ಜನರ ಗುಂಪಿನಲ್ಲಿ ಮೆಡಿಚಿಗಳನ್ನೂ ಸೇರಿಸಿದ. ಅವರ ಹಿಂದೆ ಕೆಂಪು ಟೋಪಿಯ ಮೇಲೆ ತನ್ನ ಹೆಸರನ್ನು ಬರೆದುಕೊಂಡು ತಾನೂ ನಿಂತ. ಆ ಮುಖವನ್ನು ಹುಡುಕಿದ ಮೇಲೆ, ಒಂದು ಗೋಡೆ ಒಳಕ್ಕೆ ಚಾಚಿ ಚಿತ್ರ ಎರಡಾಗಿರುವುದನ್ನೂ ಗಮನಿಸಿ: ರಿಕ್ಕಾರ್ಡಿಗಳು ಮೆಟ್ಟಿಲು ಕಟ್ಟಿಸುವಾಗ ಅದನ್ನು ಕತ್ತರಿಸಿದರು. ಗುಮಾಸ್ತರಿಗಿಂತ ಮಾಲೀಕರೇ ಇಲ್ಲಿ ಹೆಚ್ಚು ಹಾನಿ ಮಾಡಿದ್ದಾರೆಂದು ನನ್ನ ಅಭಿಪ್ರಾಯ.

ಕೊನೆಗೆ ಲೂಕಾ ಜೊರ್ಡಾನೊ 1680ರ ದಶಕದಲ್ಲಿ ಚಿತ್ರಿಸಿದ ಛಾವಣಿಯುಳ್ಳ, ಕನ್ನಡಿಗಳ ಸಭಾಂಗಣವನ್ನು ನೋಡಿ. ಸಂಶೋಧಕರಿಗೆ ಇದೇ ಅರಮನೆಯ ಜಿನೋರಿ ಬೀದಿಯ ಬದಿಯಿಂದ ರಿಕ್ಕಾರ್ಡಿಯಾನಾ ಗ್ರಂಥಾಲಯಕ್ಕೆ ಪ್ರತ್ಯೇಕ ಪ್ರವೇಶವಿದೆ.