ಸ್ಲೈಡ್ ಹೊಡೆದೇ ಹೈಜಂಪ್ ಗೆದ್ದೆ: ನನ್ನ ಅನುಭವ

ಒಂದು ಆಟ ಹಿಡಿ, ಇನ್ನೊಂದು ಬಿಡು ಅಂತ ಹೇಳದವರೇ ಇರಲಿಲ್ಲ. ಹೈಜಂಪ್ ಮಾಡಿದರೆ ಮೊಣಕಾಲು ಹೋಗುತ್ತದೆ ಅಂತ ವಾಲಿಬಾಲ್ ಕಡೆಯವರು. ಹೈಜಂಪ್‌ಗೆ ಒಂಟಿ ಕಾಲು ಬೇಕು, ವಾಲಿಬಾಲ್‌ನ ಎರಡು ಕಾಲಲ್ಲಿ ಹಾರುವ ಅಭ್ಯಾಸ ಇವಳಿಗೆ ಬಿಟ್ಟುಹೋಗುವುದಿಲ್ಲ ಅಂತ ಟ್ರ್ಯಾಕ್ ಕಡೆಯವರು. ಈ ವರ್ಷ ಅಂತರ ಕಾಲೇಜು ಕೂಟದಲ್ಲಿ ಹೈಜಂಪ್ ಚಿನ್ನ ನನ್ನದು. ಅದೇ ಸೀಸನ್‌ನಲ್ಲಿ ನಮ್ಮ ವಾಲಿಬಾಲ್ ತಂಡ ಫೈನಲ್ ಆಡಿತು, ನೆಟ್ ನಡುವೆ ನಿಂತು ಎದುರಾಳಿಯ ಹೊಡೆತ ತಡೆಯುವ ಮಿಡ್ಲ್ ಬ್ಲಾಕರ್ ನಾನೇ.

ಎರಡನ್ನೂ ಜೋಡಿಸಿದ್ದು ವಾಲಿಬಾಲ್‌ನ ಸ್ಲೈಡ್ ಅಟ್ಯಾಕ್. ನೆಟ್ ಪಕ್ಕದಲ್ಲೇ ಬಲಕ್ಕೆ ಓಡಿ ಎಡಗಾಲಲ್ಲಿ ಹಾರಿ ಚೆಂಡು ಹೊಡೆಯುತ್ತೇವೆ, ಅಲ್ವಾ? ನನ್ನ ಹೈಜಂಪ್ ಕಾಲೂ ಎಡಗಾಲೇ. ಎರಡರಲ್ಲೂ ಬಲ ಮೊಣಕಾಲು ಮೇಲೇಳುತ್ತದೆ, ಮೈ ಎಡಕ್ಕೆ ತಿರುಗುತ್ತದೆ. ಇಲ್ಲಿ ನೆಟ್‌ಗೆ ಮುಖ, ಅಲ್ಲಿ ಬಾರ್‌ಗೆ ಬೆನ್ನು, ಅಷ್ಟೇ. ಹೀಗಾಗಿ ಸ್ಲೈಡ್ ಹೊಡೆದ ದಿನ ಹೈಜಂಪ್ ಪಿಟ್ ಕಡೆ ಹೋಗುತ್ತಿರಲಿಲ್ಲ. ಆ ಹಾರಾಟವನ್ನೇ ಲೆಕ್ಕಕ್ಕೆ ಹಿಡಿದೆ. ವಾರಕ್ಕೆ ಎರಡು ದಿನ ಮಾತ್ರ ಬಾರ್, ಆ ದಿನ ಬ್ಲಾಕಿಂಗ್ ಡ್ರಿಲ್ ಬಂದ್.

ಮೊದಲ ಸೀಸನ್ ಪೂರ್ತಿ ಒದ್ದಾಟ. ಸ್ಲೈಡ್‌ನಲ್ಲಿ ನೆಟ್ ಉದ್ದಕ್ಕೂ ತೇಲಿದರೆ ಲಾಭ, ಹೈಜಂಪ್‌ನಲ್ಲಿ ಹಾಗೆ ತೇಲಿದರೆ ಸೊಂಟವೇ ಬಾರ್ ಬೀಳಿಸುತ್ತದೆ. 1.40 ಮೀಟರ್ ಆಸುಪಾಸಿನಲ್ಲೇ ಸಿಕ್ಕಿಕೊಂಡೆ. ಕೊನೆಯ ಐದು ಹೆಜ್ಜೆಯ ಬಾಗಿದ ಓಟದಲ್ಲಿ ಬಾರ್‌ನಿಂದ ಆಚೆಗೆ ವಾಲುವುದು ಮೈಗೆ ಕೂತ ಮೇಲೆ ಎತ್ತರ ಏರಿತು. ಈಗ 1.58 ಹತ್ತಿರ ಇದ್ದೇನೆ. ಕರ್ನಾಟಕದ ಸಹನಾ ಕುಮಾರಿ 2012ರಲ್ಲಿ 1.92 ಹಾರಿ ಲಂಡನ್ ಒಲಿಂಪಿಕ್ಸ್‌ಗೆ ಹೋದವರು. ಆ ಅಂಕಿ ನನ್ನ ಹಾಸ್ಟೆಲ್ ಗೋಡೆ ಮೇಲಿದೆ. ರನ್ ಅಪ್ (ಹಾರುವ ಮುಂಚಿನ ಓಟ) ಗುರುತು ಹೇಗೆ ಹಾಕುತ್ತೇನೆ ಅನ್ನೋದನ್ನು ಮಾತ್ರ ಹೇಳುವುದಿಲ್ಲ. ಮುಂದಿನ ವರ್ಷವೂ ಇದೇ ಹುಡುಗಿಯರ ಎದುರು ಹಾರಬೇಕು!

ದುಡ್ಡಿನದೇ ದೊಡ್ಡ ತಲೆನೋವು. ಹಿಮ್ಮಡಿಗೂ ಮೊಳೆ ಇರುವ ಹೈಜಂಪ್ ಶೂ ಹೊಸದಾದರೆ ಐದಾರು ಸಾವಿರ. ಸೀನಿಯರ್ ಒಬ್ಬರದ್ದು ಸಾವಿರದ ಇನ್ನೂರಕ್ಕೋ ಏನೋ ತಗೊಂಡೆ. ವಾಲಿಬಾಲ್ ಶೂ ಮೂರು ಸಾವಿರ ಚಿಲ್ಲರೆ. ಜಾಸ್ತಿ ನುಂಗಿದ್ದು ಫಿಸಿಯೋ, ಒಂದು ಸಲಕ್ಕೆ ನಾಲ್ಕುನೂರು. ಎಡ ಮೊಣಕಾಲ ಚಿಪ್ಪಿನ ಕೆಳಗೆ ನೋವು ಕೂತಾಗ ನಮ್ಮ ಮಣ್ಣಿನ ಕೋರ್ಟೇ ಕಾಪಾಡಿತು. ಸಿಮೆಂಟಿನ ಮೇಲೆ ಸ್ಲೈಡ್ ಅಭ್ಯಾಸ ಮಾಡಲೇಬೇಡಿ.

ನಡುವೆ ಸುಮ್ನೆ ಟ್ರಿಪಲ್ ಜಂಪನ್ನೂ ನೋಡಿದೆ. ವೇಗ ಬಂತು, ಆದರೆ ಹಿಮ್ಮಡಿ ಊದಿಕೊಂಡಿತು, ಬಿಟ್ಟೆ. ಮರಳಿನಲ್ಲಿ ಒಂಟಿ ಕಾಲಲ್ಲಿ ಕುಪ್ಪಳಿಸುವುದು ಮಾತ್ರ ಉಳಿಯಿತು. ಅದರಿಂದ ಬ್ಲಾಕ್‌ಗೂ ಒಂದೆರಡು ಇಂಚು ಸಿಕ್ಕಿದೆ. 2.24 ಮೀಟರ್ ನೆಟ್ ಮೇಲೆ ಈಗ ನನ್ನ ಮಣಿಕಟ್ಟು ಪೂರ್ತಿ ಕಾಣುತ್ತದೆ. ಪರೀಕ್ಷೆ ಮುಗಿದ ಮೇಲೆ 1.62ಕ್ಕೆ ಬಾರ್ ಇಡಿಸುತ್ತೇನೆ.