ಲಿನಕ್ಸ್‌ನಲ್ಲಿ ಪ್ರಾಸೆಸ್‌ಗೆ ಕಡಿವಾಣ: ಎಲ್ಲಿ ಹಾಕಬೇಕು, ಹೇಗೆ ಹಾಕಬೇಕು?

16 ಜಿಬಿ ಮೆಮೊರಿಯ ಸರ್ವರ್ ಒಂದರಲ್ಲಿ ಡೇಟಾಬೇಸ್ ತನ್ನ ಪಾಡಿಗೆ 9 ಜಿಬಿ ಬಳಸಿಕೊಂಡು ನಡೆಯುತ್ತಿದೆ ಎನ್ನಿ. ನಡುರಾತ್ರಿ ಶುರುವಾದ ವರದಿ ತಯಾರಿಸುವ ಸ್ಕ್ರಿಪ್ಟು 1 ಜಿಬಿಯಿಂದ 3ಕ್ಕೆ, 3ರಿಂದ 6ಕ್ಕೆ ಉಬ್ಬುತ್ತದೆ. ಮೆಮೊರಿ ಪೂರ್ತಿ ಬರಿದಾದಾಗ ಲಿನಕ್ಸ್‌ನ ತಿರುಳಾದ ಕರ್ನಲ್ ಯಾವುದಾದರೂ ಪ್ರಾಸೆಸನ್ನು, ಅಂದರೆ ಓಡುತ್ತಿರುವ ಪ್ರೋಗ್ರಾಮನ್ನು, ಕೊಲ್ಲಲೇಬೇಕು. ಅದು ಕೊಲ್ಲುವುದು ಡೇಟಾಬೇಸನ್ನು! ತಪ್ಪು ಯಾರದೆಂದು ಕರ್ನಲ್ ವಿಚಾರಣೆ ಮಾಡುವುದಿಲ್ಲ. ನಾವು ಬೇರೆ ಸೂಚನೆ ಕೊಟ್ಟಿಲ್ಲದಿದ್ದರೆ, ಯಾರು ಹೆಚ್ಚು ದಪ್ಪಗಿದ್ದಾರೆ ಎಂಬುದೇ ಅದರ ಮುಖ್ಯ ಲೆಕ್ಕ. ಸ್ಕ್ರಿಪ್ಟಿಗೆ ಮೊದಲೇ 2 ಜಿಬಿಯ ಮಿತಿ ಹಾಕಿದ್ದರೆ ಸಾಯುತ್ತಿದ್ದದ್ದು ಸ್ಕ್ರಿಪ್ಟು ಮಾತ್ರ.

ಮಿತಿ ಹಾಕಲು ಲಿನಕ್ಸ್‌ನಲ್ಲಿ ಎರಡು ದಾರಿಗಳಿವೆ. ಬಿಎಸ್‌ಡಿ ಯುನಿಕ್ಸ್ ಕಾಲದಿಂದ ಬಂದ ಆರ್‌ಲಿಮಿಟ್ ಒಂದು. ಗೂಗಲ್‌ನ ಎಂಜಿನಿಯರುಗಳು 2006ರಲ್ಲಿ ಶುರುಮಾಡಿದ, 2008ರ ಜನವರಿಯಲ್ಲಿ 2.6.24 ಕರ್ನಲ್‌ಗೆ ಸೇರಿದ ಸಿಗ್ರೂಪ್ ಇನ್ನೊಂದು. ಈಗ ಬಳಕೆಯಲ್ಲಿರುವ ಅದರ ಎರಡನೇ ಆವೃತ್ತಿ 2016ರಲ್ಲಿ 4.5 ಕರ್ನಲ್‌ನೊಂದಿಗೆ ಅಧಿಕೃತವಾಯಿತು. ಯಾವುದನ್ನು ಬಳಸಬೇಕೆಂದು ತಿಳಿಯಲು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಖರ್ಚು ಯಾರ ಖಾತೆಗೆ ಬೀಳುತ್ತದೆ? ಆರ್‌ಲಿಮಿಟ್ ಬಹುತೇಕ ಒಂದೊಂದು ಪ್ರಾಸೆಸ್‌ಗೂ ಪ್ರತ್ಯೇಕ ಖಾತೆ ತೆರೆಯುತ್ತದೆ. 1 ಜಿಬಿ ಮಿತಿ ಇರುವ ಪ್ರಾಸೆಸ್ ಹತ್ತು ಮಕ್ಕಳನ್ನು ಹುಟ್ಟಿಸಿದರೆ ಆ ಹತ್ತಕ್ಕೂ ತಲಾ 1 ಜಿಬಿ. ಸಿಗ್ರೂಪ್ ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಂತೆ: ಮನೆಯವರಲ್ಲಿ ಯಾರು ಸಾಮಾನು ತಂದರೂ ಬರೆಯುವುದು ಒಂದೇ ಹಾಳೆಯಲ್ಲಿ.

(ಕಮಾಂಡ್‌ಗಳನ್ನು ಇಲ್ಲಿ ಉಚ್ಚಾರಣೆಯಂತೆ ಕನ್ನಡದಲ್ಲಿ ಕೊಟ್ಟಿದೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.)

ಈಗಿನ ಮಿತಿ ಎಷ್ಟಿದೆ?

ಆರ್‌ಲಿಮಿಟ್‌ಗಳನ್ನು ನೋಡುವ, ಹಾಕುವ ಕಮಾಂಡ್ ಯುಲಿಮಿಟ್. ಟರ್ಮಿನಲ್‌ನಲ್ಲಿ ‘ಯುಲಿಮಿಟ್ -ಎ’ ಕೊಟ್ಟರೆ ಆ ಶೆಲ್‌ನ (ನೀವು ಕೊಟ್ಟ ಕಮಾಂಡ್‌ಗಳನ್ನು ಓಡಿಸುವ ಪ್ರೋಗ್ರಾಂ) ಎಲ್ಲ ಮಿತಿಗಳೂ ಕಾಣುತ್ತವೆ. ಆದರೆ ಅದು ಶೆಲ್‌ನ ಜಾತಕ, ಹಿನ್ನೆಲೆಯಲ್ಲಿ ಓಡುವ ನಿಮ್ಮ ಸರ್ವಿಸ್‌ನದ್ದಲ್ಲ. ಓಡುತ್ತಿರುವ ಪ್ರಾಸೆಸ್‌ನ ನಿಜವಾದ ಮಿತಿ ಬೇಕಿದ್ದರೆ ‘ಪ್ರಾಕ್’ ಡೈರೆಕ್ಟರಿಯೊಳಗೆ ಅದರ ಪಿಐಡಿ (ಪ್ರಾಸೆಸ್‌ನ ಗುರುತಿನ ಸಂಖ್ಯೆ) ಹೆಸರಿನ ಡೈರೆಕ್ಟರಿಗೆ ಹೋಗಿ ‘ಲಿಮಿಟ್ಸ್’ ಎಂಬ ಫೈಲ್ ಓದಿ. ಅಲ್ಲಿ ಪ್ರತಿ ಸಾಲಿನಲ್ಲೂ ಎರಡು ಅಂಕಿಗಳು: ಸಾಫ್ಟ್ ಮತ್ತು ಹಾರ್ಡ್. ಜಾರಿಯಲ್ಲಿರುವುದು ಸಾಫ್ಟ್ ಮಿತಿ. ಪ್ರಾಸೆಸ್ ಅದನ್ನು ಹಾರ್ಡ್ ಮಿತಿಯವರೆಗೆ ತಾನೇ ಏರಿಸಿಕೊಳ್ಳಬಹುದು. ಹಾರ್ಡ್ ಮಿತಿಯನ್ನು ಇಳಿಸುವುದು ಯಾರಿಗಾದರೂ ಸಾಧ್ಯ; ಮತ್ತೆ ಏರಿಸುವುದಕ್ಕೆ ರೂಟ್ ಅಧಿಕಾರ ಬೇಕು.

1024 ಫೈಲುಗಳ ಗೋಡೆ

ಹೆಚ್ಚು ಜನ ಮೊದಲು ಡಿಕ್ಕಿ ಹೊಡೆಯುವುದು ಇಲ್ಲೇ. ಲಾಗ್‌ನಲ್ಲಿ ‘ಟೂ ಮೆನಿ ಓಪನ್ ಫೈಲ್ಸ್’, ಅಂದರೆ 24ನೇ ಎರರ್, ಬಂದಿರುತ್ತದೆ. ನಾನು ಅಷ್ಟು ಫೈಲ್ ತೆರೆದೇ ಇಲ್ಲವಲ್ಲ ಎನಿಸಬಹುದು. ಆದರೆ ಕರ್ನಲ್‌ನ ಕಣ್ಣಿಗೆ ನೆಟ್‌ವರ್ಕ್ ಸಾಕೆಟ್ಟೂ ಫೈಲೇ, ಪೈಪೂ ಫೈಲೇ. ಸಾವಿರ ಗ್ರಾಹಕರು ಒಮ್ಮೆಗೇ ಸಂಪರ್ಕಿಸಿದರೆ ಸಾಫ್ಟ್ ಮಿತಿಯಾದ 1024 ಹತ್ತಿರ ಬಂದಂತೆಯೇ.

ಮೊದಲ ಹೆಜ್ಜೆ ಎಣಿಸುವುದು. ಅದೇ ಪಿಐಡಿ ಡೈರೆಕ್ಟರಿಯಲ್ಲಿ ‘ಎಫ್‌ಡಿ’ ಎಂಬ ಉಪಡೈರೆಕ್ಟರಿ ಇದೆ. ಅದರೊಳಗಿನ ನಮೂದುಗಳೇ ತೆರೆದ ಫೈಲುಗಳು. ಹತ್ತು ನಿಮಿಷ ಬಿಟ್ಟು ಮತ್ತೆ ಎಣಿಸಿ. ಕೆಲಸ ಹೆಚ್ಚದಿದ್ದರೂ ಸಂಖ್ಯೆ ಏರುತ್ತಲೇ ಇದ್ದರೆ ಪ್ರೋಗ್ರಾಂ ಫೈಲ್ ಮುಚ್ಚುವುದನ್ನು ಮರೆಯುತ್ತಿದೆ ಎಂದರ್ಥ. ಆಗ ಮಿತಿ ಏರಿಸುವುದು ಸೋರುವ ಮಾಡಿನ ಕೆಳಗೆ ದೊಡ್ಡ ಪಾತ್ರೆ ಇಟ್ಟಂತೆ.

ಸೋರಿಕೆ ಇಲ್ಲವೆಂದು ಖಾತ್ರಿಯಾದರೆ ಮಿತಿ ಏರಿಸಿ. ತುರ್ತಿಗೆ, ಪ್ರಾಸೆಸ್ ನಿಲ್ಲಿಸದೆಯೇ, ‘ಪಿಆರ್‌ಲಿಮಿಟ್ --ಪಿಐಡಿ 4312 --ನೋಫೈಲ್=8192:’ ಸಾಕು. ಕೊನೆಯ ಕೋಲನ್ ಮರೆಯಬೇಡಿ. ಅದು ಇದ್ದರೆ ಸಾಫ್ಟ್ ಮಿತಿ ಮಾತ್ರ ಬದಲಾಗುತ್ತದೆ. ಬಿಟ್ಟರೆ ಹಾರ್ಡ್ ಮಿತಿಯೂ 8192ಕ್ಕೆ ಬಂದು ಕೂರುತ್ತದೆ.

ಶಾಶ್ವತ ಬದಲಾವಣೆಗೆಂದು ಇಂಟರ್ನೆಟ್ಟಿನಲ್ಲಿ ಸಿಗುವ ಸಲಹೆ ‘ಲಿಮಿಟ್ಸ್.ಕಾನ್ಫ್’ ಫೈಲ್ ತಿದ್ದಿ ಎನ್ನುತ್ತದೆ. ತಿದ್ದಿ, ರೀಬೂಟ್ ಮಾಡಿದರೂ ಏನೂ ಆಗಿರುವುದಿಲ್ಲ. ಆ ಫೈಲನ್ನು ಓದುವುದು ಲಾಗಿನ್ ಸಮಯದಲ್ಲಿ ಕೆಲಸ ಮಾಡುವ ಪ್ಯಾಮ್. ಸಿಸ್ಟಮ್‌ಡಿ ಶುರುಮಾಡುವ ಸರ್ವಿಸ್ ಯಾವ ಬಾಗಿಲಲ್ಲೂ ಲಾಗಿನ್ ಆಗುವುದಿಲ್ಲ. ಸರ್ವಿಸ್‌ಗಾದರೆ ‘ಸಿಸ್ಟಮ್‌ಸಿಟಿಎಲ್ ಎಡಿಟ್’ ಜೊತೆಗೆ ಸರ್ವಿಸ್‌ನ ಹೆಸರು ಕೊಡಿ, ತೆರೆದ ಎಡಿಟರ್‌ನಲ್ಲಿ ‘ಸರ್ವಿಸ್’ ವಿಭಾಗದ ಕೆಳಗೆ ‘ಲಿಮಿಟ್‌ನೋಫೈಲ್=65536’ ಬರೆದು ಉಳಿಸಿ, ಸರ್ವಿಸ್ ರೀಸ್ಟಾರ್ಟ್ ಮಾಡಿ. ಆಮೇಲೆ ‘ಲಿಮಿಟ್ಸ್’ ಫೈಲನ್ನು ಇನ್ನೊಮ್ಮೆ ಓದಿ ನೋಡಿ.

ಎಲ್ಲಕ್ಕೂ ಒಟ್ಟಿಗೇ ಏರಿಸಿಬಿಡೋಣ ಎಂದು ಹೊರಡಬೇಡಿ. ‘ಸೆಲೆಕ್ಟ್’ ಎಂಬ ಹಳೆಯ ಸಿಸ್ಟಂ ಕಾಲ್ ಬಳಸುವ ಪ್ರೋಗ್ರಾಂಗಳಿಗೆ 1023ಕ್ಕಿಂತ ದೊಡ್ಡ ಫೈಲ್ ಸಂಖ್ಯೆಯನ್ನು ನಿಭಾಯಿಸಲು ಬರುವುದಿಲ್ಲ. ಹಾರ್ಡ್ ಮಿತಿ ಐದು ಲಕ್ಷ ದಾಟಿದ ಈ ಕಾಲದಲ್ಲೂ ಸಾಫ್ಟ್ ಮಿತಿ 1024ರಲ್ಲೇ ನಿಂತಿರುವುದು ಅವುಗಳ ದೆಸೆಯಿಂದ.

ಮೆಮೊರಿ: ಕೇಳಿದ್ದು ಬೇರೆ, ತಿಂದದ್ದು ಬೇರೆ

ಪೈಥಾನ್ ಇದ್ದರೆ ಈ ಪ್ರಯೋಗ ಮಾಡಿ ನೋಡಿ. ಆವರಣ ಚಿಹ್ನೆಯೊಳಗೆ ‘ಯುಲಿಮಿಟ್ -ವಿ 400000’ ಕೊಟ್ಟು, ಸೆಮಿಕೋಲನ್ ಹಾಕಿ, 50 ಕೋಟಿ ಬಾರಿ ‘ಎಕ್ಸ್’ ಅಕ್ಷರ ಸೇರಿಸಿದ ಸ್ಟ್ರಿಂಗ್ ಮಾಡುವ ಒಂದು ಸಾಲನ್ನು ಪೈಥಾನ್‌ನಲ್ಲಿ ಓಡಿಸಿ. ಅಂಕಿ ಕಿಲೋಬೈಟ್‌ನಲ್ಲಿದೆ, ಅಂದರೆ ಸುಮಾರು 390 ಎಂಬಿ. ಆವರಣ ಇಲ್ಲದಿದ್ದರೆ ಮಿತಿ ಟರ್ಮಿನಲ್‌ಗೇ ಅಂಟಿಕೊಳ್ಳುತ್ತದೆ, ಅದನ್ನು ಮುಚ್ಚಿ ಹೊಸದು ತೆರೆಯುವವರೆಗೂ ಬಿಡಿಸಲಾಗದು. ಪೈಥಾನ್ ‘ಮೆಮೊರಿಎರರ್’ ಎಂದು ಮರ್ಯಾದೆಯಿಂದ ಹೇಳಿ ನಿಲ್ಲುತ್ತದೆ.

ಈಗ ಸಿಗ್ರೂಪ್ ಸರದಿ. ಅದರ ಮಿತಿಗಳನ್ನು ಸಿಸ್ಟಮ್‌ಡಿ ಮೂಲಕ ಹಾಕುತ್ತೇವೆ. ಅದೇ ಸಾಲನ್ನು ‘ಸಿಸ್ಟಮ್‌ಡಿ-ರನ್ --ಯೂಸರ್ --ಸ್ಕೋಪ್ -ಪಿ ಮೆಮೊರಿಮ್ಯಾಕ್ಸ್=400ಎಂ -ಪಿ ಮೆಮೊರಿಸ್ವಾಪ್‌ಮ್ಯಾಕ್ಸ್=0’ ಮುಂದಿಟ್ಟು ಓಡಿಸಿ. ಈ ಸಲ ಯಾವ ವಿವರಣೆಯೂ ಇಲ್ಲ, ‘ಕಿಲ್ಡ್’ ಅಷ್ಟೇ. ಶೆಲ್‌ಗೆ ಸಿಗುವ ಎಕ್ಸಿಟ್ ಕೋಡ್ 137: 128ಕ್ಕೆ ಕೊಲ್ಲುವ ಸಿಗ್ನಲ್‌ನ ಸಂಖ್ಯೆ 9 ಕೂಡಿಸಿದ್ದು.

ಮೂರನೆಯದಾಗಿ ಸ್ಟ್ರಿಂಗ್ ಬದಲು 50 ಕೋಟಿಯ ಖಾಲಿ ‘ಬೈಟ್ಸ್’ ಮಾಡಿ. ಯುಲಿಮಿಟ್ ಇದನ್ನೂ ತಡೆಯುತ್ತದೆ. ಸಿಗ್ರೂಪ್ ಸುಮ್ಮನೆ ಬಿಡುತ್ತದೆ. ಏಕೆಂದರೆ ಪೈಥಾನ್ ಜಾಗ ಕೇಳಿತೇ ಹೊರತು ಅದರಲ್ಲಿ ಏನನ್ನೂ ಬರೆಯಲಿಲ್ಲ. ಯುಲಿಮಿಟ್ ಕೇಳಿದ್ದನ್ನು ಲೆಕ್ಕ ಹಾಕುತ್ತದೆ, ಸಿಗ್ರೂಪ್ ತಿಂದದ್ದನ್ನು. ಜಾವಾ, ಕ್ರೋಮ್‌ನಂಥವು ಬಳಸದ ಜಾಗವನ್ನೂ ಹತ್ತಾರು ಪಟ್ಟು ಮುಂಗಡ ಕಾದಿರಿಸುವುದರಿಂದ ಅವಕ್ಕೆ ‘-ವಿ’ ಮಿತಿ ಹಾಕಿದರೆ ಹಲವು ಸಲ ಶುರುವೇ ಆಗುವುದಿಲ್ಲ. ‘ಯುಲಿಮಿಟ್ -ಎಂ’ ಎಂದೂ ಒಂದಿದೆ. ಕೊಟ್ಟರೆ ತಕರಾರಿಲ್ಲದೆ ಒಪ್ಪಿಕೊಳ್ಳುತ್ತದೆ, ಇಂದಿನ ಲಿನಕ್ಸ್‌ನಲ್ಲಿ ಏನನ್ನೂ ಮಾಡುವುದಿಲ್ಲ.

ಸರ್ವಿಸ್‌ಗೆ ಹಾಕುವಾಗ ಎರಡು ಗೆರೆ ಎಳೆಯುವುದು ಒಳ್ಳೆಯದು: ‘ಮೆಮೊರಿಹೈ=1500ಎಂ’, ‘ಮೆಮೊರಿಮ್ಯಾಕ್ಸ್=2ಜಿ’. ಮೊದಲ ಗೆರೆ ದಾಟಿದಾಗ ಕರ್ನಲ್ ಪ್ರಾಸೆಸನ್ನು ನಿಧಾನಗೊಳಿಸಿ ಮೆಮೊರಿ ವಾಪಸ್ ಪಡೆಯಲು ನೋಡುತ್ತದೆ. ಎರಡನೆಯದನ್ನು ತಲುಪಿ, ವಾಪಸ್ ಪಡೆಯಲು ಏನೂ ಉಳಿದಿಲ್ಲದಿದ್ದರೆ ಕೊಲ್ಲುತ್ತದೆ. ಸ್ವಾಪ್‌ಗೂ (ಮೆಮೊರಿ ಸಾಲದಾಗ ಬಳಸುವ ಡಿಸ್ಕ್ ಜಾಗ) ಮಿತಿ ಹಾಕದಿದ್ದರೆ ಪ್ರಾಸೆಸ್ ಸಾಯುವ ಬದಲು ಡಿಸ್ಕ್‌ಗೆ ಬರೆಯುತ್ತಾ ತೆವಳುತ್ತದೆ, ಪಕ್ಕದವರನ್ನೂ ಎಳೆಯುತ್ತದೆ.

ಓದಿದ ಫೈಲುಗಳ ಕ್ಯಾಶೆಯೂ, ಅಂದರೆ ಮೆಮೊರಿಯಲ್ಲಿ ಇಟ್ಟುಕೊಂಡ ಪ್ರತಿಯೂ, ಇದೇ ಖಾತೆಗೆ ಬೀಳುತ್ತದೆ. ಹಾಗಾಗಿ ಬ್ಯಾಕಪ್ ಕೆಲಸ ಮಿತಿಗೆ ಅಂಟಿಕೊಂಡಂತೆ ಕಂಡರೆ ಗಾಬರಿ ಬೇಡ. ಸಿಗ್ರೂಪ್‌ನ ‘ಮೆಮೊರಿ.ಇವೆಂಟ್ಸ್’ ಫೈಲಿನಲ್ಲಿ ‘ಊಮ್_ಕಿಲ್’ ಸಾಲು ಸೊನ್ನೆಯಾಗಿರುವವರೆಗೆ ಯಾರೂ ಸತ್ತಿಲ್ಲ.

ಪ್ರಾಸೆಸ್‌ಗಳ ಸಂಖ್ಯೆ

‘ಯುಲಿಮಿಟ್ -ಯು’ ಇಲ್ಲಿ ದಾರಿ ತಪ್ಪಿಸುತ್ತದೆ. ಅದರ ಲೆಕ್ಕ ಪ್ರಾಸೆಸ್‌ಗಲ್ಲ, ಆ ಬಳಕೆದಾರನ ಎಲ್ಲ ಪ್ರಾಸೆಸ್‌ಗಳಿಗೂ ಸೇರಿ, ಥ್ರೆಡ್‌ಗಳನ್ನೂ (ಒಂದು ಪ್ರಾಸೆಸ್‌ನೊಳಗೆ ಒಟ್ಟೊಟ್ಟಿಗೆ ಓಡುವ ಎಳೆಗಳು) ಎಣಿಸುತ್ತದೆ. ಡೆಸ್ಕ್‌ಟಾಪ್‌ನಲ್ಲಿ ಬ್ರೌಸರ್ ತೆರೆದಿಟ್ಟು 50ರ ಮಿತಿ ಹಾಕಿದರೆ ಆ ಶೆಲ್‌ನಲ್ಲಿ ಮುಂದಿನ ‘ಎಲ್‌ಎಸ್’ ಕೂಡ ಓಡದು. ರೂಟ್‌ಗೆ ಇದು ಅನ್ವಯಿಸುವುದೂ ಇಲ್ಲ. ಬದಲಿಗೆ ಸರ್ವಿಸ್‌ಗೆ ಸಿಗ್ರೂಪ್‌ನ ‘ಟಾಸ್ಕ್ಸ್‌ಮ್ಯಾಕ್ಸ್=200’ ಹಾಕಿದರೆ ಆ ಸರ್ವಿಸ್‌ನ ಮಂದಿಯನ್ನು ಮಾತ್ರ ಎಣಿಸುತ್ತದೆ.

ಸಿಪಿಯು

‘ಯುಲಿಮಿಟ್ -ಟಿ 60’ ಎಂದರೆ ಗಡಿಯಾರದ ಒಂದು ನಿಮಿಷವಲ್ಲ, ಸಿಪಿಯು ಮೇಲೆ ದುಡಿದ 60 ಸೆಕೆಂಡು. ನೆಟ್‌ವರ್ಕ್‌ಗಾಗಿ ಕಾಯುತ್ತಾ ನಿದ್ದೆ ಹೊಡೆಯುವ ಪ್ರೋಗ್ರಾಂ ಇದಕ್ಕೆ ಎಂದೂ ಸಿಗುವುದಿಲ್ಲ. ಅದಕ್ಕೆ ‘ಟೈಮ್‌ಔಟ್’ ಕಮಾಂಡ್ ಇದೆ.

ವೇಗಕ್ಕೆ ಮಿತಿ ಬೇಕಾದರೆ ‘ಸಿಪಿಯುಕೋಟಾ=200%’, ಅಂದರೆ ಎರಡು ಕೋರ್‌ಗಳಷ್ಟು. ಈ ಲೆಕ್ಕ ನಡೆಯುವುದು 100 ಮಿಲಿಸೆಕೆಂಡಿನ ಕಂತುಗಳಲ್ಲಿ. ಎಂಟು ಕೋರ್‌ಗಳಲ್ಲಿ ಎಂಟು ಥ್ರೆಡ್‌ಗಳು ಒಮ್ಮೆಗೇ ಓಡಿದರೆ 200 ಮಿಲಿಸೆಕೆಂಡಿನ ಪಾಲು 25 ಮಿಲಿಸೆಕೆಂಡಿನಲ್ಲೇ ಖರ್ಚಾಗಿ, ಉಳಿದ 75 ಎಲ್ಲರೂ ಕೈಕಟ್ಟಿ ಕೂರಬೇಕು. ಗ್ರಾಫ್‌ನಲ್ಲಿ ಸಿಪಿಯು ಬಿಡುವಾಗಿಯೇ ಕಾಣುತ್ತದೆ, ವೆಬ್‌ಸೈಟ್ ಮಾತ್ರ ತಡವರಿಸುತ್ತದೆ. ‘ಸಿಪಿಯು.ಸ್ಟಾಟ್’ ಫೈಲಿನ ‘ಎನ್‌ಆರ್_ಥ್ರಾಟಲ್ಡ್’ ಅಂಕಿ ಏರುತ್ತಿದ್ದರೆ ಕಾರಣ ಇದೇ. ಅಂಥಲ್ಲಿ ಕೋಟಾ ತೆಗೆದು ‘ಸಿಪಿಯುವೇಟ್’ ಬಳಸಿ. ಮೂಲ ತೂಕ 100. ವರದಿಯ ಸ್ಕ್ರಿಪ್ಟಿಗೆ 20 ಕೊಟ್ಟರೆ ಪೈಪೋಟಿ ಬಿದ್ದಾಗ ಮಾತ್ರ ಅದು ಹಿಂದೆ ಸರಿಯುತ್ತದೆ, ಉಳಿದ ಹೊತ್ತು ಇಡೀ ಯಂತ್ರವನ್ನು ಬಳಸಿಕೊಳ್ಳಬಹುದು.

ಪ್ರೋಗ್ರಾಂಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಆವರಣದಲ್ಲಿ ಓಡಿಸುವ ಡಾಕರ್‌ನ ‘--ಮೆಮೊರಿ’, ‘--ಸಿಪಿಯುಸ್’ ಆಯ್ಕೆಗಳ ಹಿಂದಿರುವುದೂ ಇದೇ ಸಿಗ್ರೂಪ್. ಆದರೆ 512 ಎಂಬಿಯ ಕಂಟೇನರ್‌ನೊಳಗೆ ಕುಳಿತು ‘ಫ್ರೀ’ ಎಂದು ಕೇಳಿದರೆ ಸಾಮಾನ್ಯವಾಗಿ ಇಡೀ ಯಂತ್ರದ 16 ಜಿಬಿಯನ್ನೇ ತೋರಿಸುತ್ತದೆ. ಅದನ್ನು ನಂಬಿ ಕ್ಯಾಶೆಯ ಗಾತ್ರ ನಿಗದಿ ಮಾಡುವ ಪ್ರೋಗ್ರಾಂ 137ರೊಂದಿಗೆ ಸಾಯುತ್ತದೆ. ಕಂಟೇನರ್‌ನೊಳಗೆ ನಿಜವಾದ ಅಂಕಿ ಸಿಗುವುದು ‘ಸಿಸ್’ ಡೈರೆಕ್ಟರಿಯ ‘ಎಫ್‌ಎಸ್/ಸಿಗ್ರೂಪ್’ ಕೆಳಗಿನ ‘ಮೆಮೊರಿ.ಮ್ಯಾಕ್ಸ್’ ಫೈಲಿನಲ್ಲಿ.